ಎಡಗಡೆಯ ಬ್ರೇಕು

ನನ್ನ ಕಾರಿಗೆ ಎರಡು ಬ್ರೇಕು. ಒಂದು ಬಲಗಡೆ, ಕಲಿಯುವವರ ಕಾಲ ಕೆಳಗೆ. ಇನ್ನೊಂದು ಎಡಗಡೆ, ನನ್ನ ಕಾಲ ಕೆಳಗೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದೇನೆ. ಈ ಎಡಗಡೆಯ ಬ್ರೇಕು ಇಲ್ಲದಿದ್ದರೆ ಊರಿನಲ್ಲಿ ಎಷ್ಟು ಎಮ್ಮೆ, ಎಷ್ಟು ತರಕಾರಿ ಗಾಡಿ, ಕಾರಿನ ಮುಂದೆ ನಿಂತು 'ಬಾ, ಬಾ, ಇನ್ನಷ್ಟು ಬಾ' ಎಂದು ಕೈ ಮಾಡುವ ಎಷ್ಟು ಗಂಡಂದಿರು ಕಡಿಮೆಯಾಗುತ್ತಿದ್ದರೋ ಹೇಳಲಾರೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹನ್ನೊಂದನೆಯ ದಿನ, ಕಾರು ಹೊರಟ ಮೇಲೆ, ನಾನು ಚಪ್ಪಲಿ ಬಿಟ್ಟು ಎರಡೂ ಕಾಲು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತೇನೆ. 'ಇನ್ನ ನೀವಾತು, ರಸ್ತಾ ಆತು' ಎನ್ನುತ್ತೇನೆ. ಕಲಿಯುವವರಿಗೆ ಮೈ ಬೆವರುತ್ತದೆ. ಒಬ್ಬಾಕೆ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದು ನನ್ನ ಕಾಲಿಗೆ ಬೀಳಲು ಬಂದಿದ್ದಳು. ಮೊದಲು ಹ್ಯಾಂಡ್‌ಬ್ರೇಕ್ ಹಾಕವಾ ಎಂದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ವರ್ಷ ನನ್ನ ಕಾರು ಮಾಡಿದ ಕಂಪನಿ ಮುಳುಗುತ್ತಿತ್ತು. ಸರಕಾರ ಅದರ ಕೈ ಹಿಡಿಯಬೇಕೋ ಬೇಡವೋ ಎಂದು ಟಿವಿಯಲ್ಲಿ ದಿನವೂ ಜಗಳ. ನನ್ನದು ಹಿಡಿಯಬೇಕು ಅನ್ನುವ ಪಕ್ಷ. ಅಲ್ಲಿ ದುಡಿಯುವ ಸಾವಿರಾರು ಮಂದಿಯ ಮೇಲೆ ಕರುಣೆ ಉಕ್ಕಿ ಅಲ್ಲ. ಕಲಿಯುವವರ ಕೈಗೆ ಸಿಕ್ಕ ಕಾರಿಗೆ ವರ್ಷಕ್ಕೆ ಎರಡು ಸಲ ಕ್ಲಚ್ ಪ್ಲೇಟು ಬೇಕು, ಕಂಪನಿ ಹೋದರೆ ಅದು ಎಲ್ಲಿಂದ ಬರಬೇಕು? ಬೈರಿದೇವರಕೊಪ್ಪದ ನನ್ನ ಗ್ಯಾರೇಜು ಮೇಸ್ತ್ರಿಯದು ಎದುರು ಪಕ್ಷ. 'ಉಳೀಬಾರದ್ರೀ ಅಕ್ಕಾರ' ಎಂದ, ಬಾನೆಟ್ಟಿನೊಳಗಿಂದ ತಲೆ ಎತ್ತದೆ. 'ಕಂಪನಿ ಇದ್ರ ಮಂದಿ ಶೋರೂಮಿಗೆ ಹೊಕ್ಕಾರ. ಹೋತಂದ್ರ ಎಲ್ಲಾರೂ ನನ್ನ ಕಡೇನ ಬರ್ತಾರ. ಅಲ್ಲಾಹು ಆ ಕಂಪನಿಯವ್ರನ್ನ ಛಲೋ ಇಡ್ಲಿ, ಆದ್ರ ನನ್ನಿಂದ ದೂರ ಇಡ್ಲಿ.'

ಮೂರನೆಯ ಪಕ್ಷ ಬಂದದ್ದು ಧಾರವಾಡದಿಂದ, ಬಸ್ಸಿನಲ್ಲಿ, ಛತ್ರಿ ಹಿಡಿದುಕೊಂಡು. ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಪ್ರೊಫೆಸರರು, ಅರವತ್ತಮೂರು ವಯಸ್ಸು. ಧಾರವಾಡದಲ್ಲಿ ಡ್ರೈವಿಂಗ್ ಸ್ಕೂಲಿಗೆ ಬರವಿಲ್ಲ. ಆದರೆ ಅಲ್ಲಿ ಪ್ರತಿ ಓಣಿಯಲ್ಲಿ ಅವರ ಶಿಷ್ಯರು. ಗುರುಗಳು ರಿವರ್ಸ್ ಗೇರಿಗೆ ತಡಕಾಡುವುದನ್ನು ಅವರು ನೋಡಬಾರದು, ಅದಕ್ಕೆ ಹುಬ್ಬಳ್ಳಿ.

ಈ ವಯಸ್ಸಿನಲ್ಲಿ ಕಲಿಯಲು ಬಂದ ಕಾರಣ ಮಾತ್ರ ಗಂಭೀರವಾದದ್ದು. ಅವರ ಹೆಂಡತಿ ಡಾಕ್ಟರು. ಮೂವತ್ತು ವರ್ಷ ಮನೆಯ ಕಾರು ಓಡಿಸಿದವರು ಆಕೆಯೇ. ಪ್ರತಿ ಶನಿವಾರ ಔಷಧದ ಪೆಟ್ಟಿಗೆ ಇಟ್ಟುಕೊಂಡು ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಗೆ ಹೋಗಿ, ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು, ಊರಿನ ಹೆಂಗಸರನ್ನು ನೋಡುತ್ತಿದ್ದರು. ಬೇರೆ ಡಾಕ್ಟರ ಮುಂದೆ ಬಾಯಿ ಬಿಡದವರು ಇವರ ಮುಂದೆ ಬಿಡುತ್ತಿದ್ದರು. ಈಗ ಕಣ್ಣಿನ ತೊಂದರೆಯಾಗಿ, ಸ್ಟಿಯರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಆಕೆಗೆ ಹೇಳಿದ್ದರು. ಇಬ್ಬರು ಬಾಡಿಗೆ ಡ್ರೈವರುಗಳನ್ನು ಇಟ್ಟು ನೋಡಿದರಂತೆ. ಇಬ್ಬರೂ ಪ್ರೊಫೆಸರರ ಉಪನ್ಯಾಸ ತಾಳಲಾರದೆ ಬಿಟ್ಟುಹೋದರು. ಸದ್ಯಕ್ಕೆ ಪಕ್ಕದ ಮನೆಯವರು ಕರೆದೊಯ್ಯುತ್ತಿದ್ದರು, ಅವರಿಗೂ ವರ್ಗವಾಗಿತ್ತು. ತಿಂಗಳ ಕೊನೆಯೊಳಗೆ ಪ್ರೊಫೆಸರರಿಗೆ ಲೈಸೆನ್ಸ್ ಸಿಗದಿದ್ದರೆ ಮುಗದದ ಶನಿವಾರ ನಿಲ್ಲುತ್ತದೆ.

'ನಾ ಇರೂ ಮುಂದ ಅದು ನಿಲ್ಲಬಾರದ್ರಿ' ಎಂದರು ಮೊದಲ ದಿನವೇ. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗ. ಆ ಪ್ರೀತಿ ಕಾರು ಚಾಲೂ ಆಗುವವರೆಗೆ ಇತ್ತು.

ಕಾರು ಚಾಲೂ ಆದರೆ ಬಾಯಿಯೂ ಚಾಲೂ. 'ನೋಡ್ರಿ, ನಿಮ್ಮ ಈ ಕಂಪನಿ ಅದಲ್ಲಾ, ಇದನ್ನ ಮುಳುಗ್ಲಿಕ್ಕೆ ಬಿಡಬೇಕು. ಸರಕಾರ ಒಂದ ಸಲ ಎತ್ತಿತಂದ್ರ ಮುಗೀತು, ಮುಂದ ಜಲ್ಮದಾಗ ಕಲಿಯೂದಿಲ್ಲ.' ಮುಂದೆ ಬಾಳೆಹಣ್ಣಿನ ಗಾಡಿ. ನಾನು ಬ್ರೇಕ್ ಒತ್ತಿದೆ. 'ತಪ್ಪ ಮಾಡಿದವ್ರು ತಾವ ಅನುಭವಿಸಬೇಕು.' ಶಾಲೆಯ ಹುಡುಗರ ಸಾಲು. ಒತ್ತಿದೆ. 'ಹಾಂ, ಮಾತಿನ್ಯಾಗ ನಾ ಎಲ್ಲಿಗೆ ಬಂದಿದ್ದೆ?' ಎಂದು ಕೇಳಿದಾಗ ನಾವು ಕೆಂಪು ದೀಪದ ಕೆಳಗೆ ನಿಂತಿದ್ದೆವು, ನನ್ನ ಕಾಲಿನ ದಯೆಯಿಂದ. 'ಛಲೋ ನಿಲ್ಲಿಸಿದೆ, ಅಲ್ರಿ?' ಎಂದರು. ಹೌದ್ರಿ ಸರ ಎಂದೆ. ಧೈರ್ಯ ಹೋದರೆ ಕಲಿಯುವವರು ಮರುದಿನ ಬರುವುದಿಲ್ಲ, ನಮ್ಮ ಧಂದೆಯ ಮೊದಲ ಪಾಠವೇ ಅದು.

ಹನ್ನೊಂದನೆಯ ದಿನ ಬಂತು. ನಮ್ಮ ಪದ್ಧತಿಯ ಬಗ್ಗೆ ಅವರು ಯಾರಿಂದಲೋ ಕೇಳಿದ್ದರು, ಕಾಯುತ್ತಿದ್ದರು. ಇವರ ಭರವಸೆಯ ಮೇಲೆ ಎರಡೂ ಕಾಲು ಎತ್ತಿದರೆ ಆ ದಿನ ದವಾಖಾನೆಯಲ್ಲಿ ಮುಗಿಯುತ್ತಿತ್ತು. ಹಾಗಾಗಿ ಅವರಿಗೆ ಕಾಣುವ ಬಲಗಾಲನ್ನು ಮಾತ್ರ ಮಡಚಿ ಸೀಟಿನ ಮೇಲಿಟ್ಟೆ. ಎಡಗಾಲು ಸೀರೆಯ ಅಂಚಿನ ಕೆಳಗೆ, ಬ್ರೇಕಿನ ಮೇಲೆಯೇ ಉಳಿಯಿತು. ಪ್ರೊಫೆಸರರು ನನ್ನ ಮೊಣಕಾಲನ್ನು ನೋಡಿ ಎದೆಯುಬ್ಬಿಸಿಕೊಂಡರು. ಹದಿನೆಂಟು ವರ್ಷದಲ್ಲಿ ನಾನು ಆ ಪದ್ಧತಿಗೆ ಮೋಸ ಮಾಡಿದ್ದು ಅದೊಂದೇ ಸಲ.

ಐದಾರು ದಿನ ಕಳೆದಿರಬೇಕು. ಬೆಳಿಗ್ಗೆ ಸುದ್ದಿ ಬಂತು, ಸರಕಾರ ಕಂಪನಿಗೆ ನೆರವು ಕೊಡುತ್ತದಂತೆ. ನಾನು ಹಿಗ್ಗಿ ಕೂತಿದ್ದೆ. ಪ್ರೊಫೆಸರರು ಕೆಂಡವಾಗಿ ಬಂದರು. ಬೈರಿದೇವರಕೊಪ್ಪದ ಹೊಸ ಬಡಾವಣೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಮೂರು ತಿರುವು ಮುಗಿದರೂ ಅವರ ಸಿಟ್ಟು ಮುಗಿಯಲಿಲ್ಲ.

'ನಾಚಿಕಿ ಅನ್ನೂದು ಬ್ಯಾಡೇನ್ರಿ ಆ ಕಂಪನಿಗೆ? ತನ್ನ ಕಾಲ ಮ್ಯಾಲೆ ತಾ ನಿಂದ್ರಬೇಕು. ಬ್ಯಾರೆಯವ್ರ ಆಸರೀಲೆ ನಡಿಯೂದು ಅದೂ ಒಂದು ನಡಗಿ ಏನು?'

ನನಗೂ ಸಿಟ್ಟು ನೆತ್ತಿಗೇರಿತು. ಹದಿನಾರು ದಿನದಿಂದ ಈ ಮನುಷ್ಯನನ್ನು ನನ್ನ ಎಡಗಾಲು ಹೊತ್ತು ತಿರುಗಿದೆ, ಮೀನಖಂಡ ಗಂಟು ಕಟ್ಟಿದೆ. ಆ ಕಾಲನ್ನೂ ಎತ್ತಿ ಸೀಟಿನ ಮೇಲೆ ಇಟ್ಟುಕೊಂಡೆ. ಎದುರಿಗೆ, ಕಟ್ಟುತ್ತಿದ್ದ ಮನೆಯೊಂದರ ಮುಂದೆ, ಮರಳಿನ ರಾಶಿ ಇತ್ತು. 'ಮಾರುಕಟ್ಟಿಗೆ ಒಂದು ಶಿಸ್ತು' ಎಂಬಲ್ಲಿಗೆ ಕಾರಿನ ಮೂತಿ ಅದರೊಳಗೆ ಹೊಕ್ಕಿತು. ನಿಧಾನವಾಗಿ ಬರುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

'ಬ್ರೇಕ್ ಹತ್ಲಿಲ್ರಿ' ಎಂದರು.

'ನೀವು ಒತ್ತಲಿಲ್ರಿ ಸರ.'

'ದಿನಾ ನಿಲ್ತಿತ್ತಲ್ಲ?'

'ದಿನಾ ನಾ ಒತ್ತತಿದ್ದೆ.'

ಅವರು ಸೀಟಿನ ಮೇಲಿದ್ದ ನನ್ನ ಎರಡೂ ಕಾಲು ನೋಡಿದರು, ಬಗ್ಗಿ ಕೆಳಗಿನ ಬ್ರೇಕು ನೋಡಿದರು. 'ಮೊದಲ್ನೇ ದಿನದಿಂದ?' ಎಂದರು. ಹೌದ್ರಿ ಎಂದೆ. ಇಳಿದು, ಕರವಸ್ತ್ರ ತೆಗೆದು, ಬಾನೆಟ್ಟಿನ ಮೇಲಿನ ಮರಳನ್ನು ಬಹಳ ಹೊತ್ತು ಒರೆಸಿದರು. ಆಮೇಲೆ ಛತ್ರಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದುಹೋದರು. ನನಗೆ ಕೆಟ್ಟದೆನಿಸಿತು, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೂ ಆಗಿತ್ತು.

ಇನ್ನು ಬರಲಾರರು ಅಂದುಕೊಂಡಿದ್ದೆ. ಬುಧವಾರ ಬಂದರು. ಟೆಸ್ಟು ಶುಕ್ರವಾರ, ಪಕ್ಕದ ಮನೆಯವರು ಹೊರಡುವುದೂ ಅದೇ ದಿನ. ಕುರ್ಚಿಯ ತುದಿಯಲ್ಲಿ ಕೂತು ಛತ್ರಿಯ ಹಿಡಿಕೆಯನ್ನು ತಿರುಗಿಸುತ್ತ ಹೇಳಿದರು: 'ತಾತ್ಕಾಲಿಕ ನೆರವಿಗೆ ಸಿದ್ಧಾಂತದಾಗೂ ಜಾಗಾ ಅದ. ಷರತ್ತಿನ ಮ್ಯಾಲೆ. ಒಂದ ಸಲ ಅಷ್ಟ. ಟೆಸ್ಟಿನ ದಿನಾ ನೀವು ಕಾಲು ಕೆಳಗ ಇಟ್ಕೋರಿ.'

'ಕಂಪನಿಯವರೂ ಸರಕಾರಕ್ಕ ಹಿಂಗ ಅಂದಿರಬೇಕ್ರಿ' ಎಂದೆ.

'ನಂದು ಬ್ಯಾರೆ ಪ್ರಶ್ನೆ' ಎಂದರು.

ಟೆಸ್ಟಿನ ದಿನ ಕಲಿಸುವವರ ಕಾಲು ಸ್ವಲ್ಪ ಕೆಲಸ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಇನ್‌ಸ್ಪೆಕ್ಟರು ಹೊರಗೆ ನಿಂತಿರುತ್ತಾರೆ, ಒಳಗಿನ ಕಾಲು ಕಾಣುವುದಿಲ್ಲ. ಆಗಲಿ ಬಿಡ್ರಿ ಎಂದೆ. ಆ ದಿನವೆಲ್ಲ ನನ್ನ ಮುಖದಿಂದ ನಗು ಇಳಿಯಲಿಲ್ಲ.

ಗುರುವಾರ ಅವರ ಹೆಂಡತಿ ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ಚೀಲ, ಆಟೋದವನ ಕೈ ಹಿಡಿದು ಮೆಟ್ಟಿಲು ಹತ್ತಿದರು. ಗಂಡ ಮನೆಯಲ್ಲಿ ಎಲ್ಲ ಹೇಳಿಬಿಟ್ಟಿದ್ದರಂತೆ. ಚಹಾ ಬೇಡವೆಂದರು.

'ಡಾಕ್ಟರ್‍ರ, ಚಿಂತಿ ಮಾಡಬ್ಯಾಡ್ರಿ, ನಾ ಪಾಸ್ ಮಾಡಿಸ್ತೇನಿ' ಎಂದೆ.

'ಅದನ್ನ ಮಾಡಬ್ಯಾಡ್ರಿ ಅಂತ ಹೇಳ್ಲಿಕ್ಕೆ ಬಂದೀನಿ. ನಾಳೆ ನೀವು ಒತ್ತತೀರಿ, ಅವರು ಪಾಸ್ ಆಗ್ತಾರ. ನಾಡದ ಶನಿವಾರ ಅವರ ಬಾಜೂಕ ಕೂಡಾಕಿ ನಾನು. ನಮ್ಮ ಕಾರಿನ್ಯಾಗ ನನ್ನ ಕಾಲ ಕೆಳಗ ಏನೂ ಇಲ್ರಿ.'

ಇಷ್ಟು ಸೀದಾ ಮಾತು ನನಗೇ ಯಾಕೆ ಹೊಳೆದಿರಲಿಲ್ಲ ಎಂದು ನಾಚಿಕೆಯಾಯಿತು.

ಶುಕ್ರವಾರ ಟೆಸ್ಟಿನ ಮೈದಾನದಲ್ಲಿ, ಕಾರು ಹೊರಟ ಮೇಲೆ, ಚಪ್ಪಲಿ ಬಿಟ್ಟು ಎರಡೂ ಕಾಲು ಮೇಲೆತ್ತಿ ಕೂತೆ. ಪ್ರೊಫೆಸರರು ಒಂದು ಸಲ ನನ್ನ ಕಾಲು ನೋಡಿದರು, ಒಂದು ಸಲ ಮುಖ ನೋಡಿದರು. 'ಡಾಕ್ಟರ್ ಬಂದಿದ್ರೇನು?' ಎಂದರು. ಬಂದಿದ್ರು ಎಂದೆ. ಆಮೇಲೆ ಗೇರು ಬದಲಿಸಿ ಏರಿನ ಕಡೆ ತಿರುಗಿಸಿದರು. ಏರಿನಲ್ಲಿ ಕಾರು ಬಂದ್ ಬಿತ್ತು, ಹಿಂದಕ್ಕೆ ಜಾರಿತು, ಕಂಬಕ್ಕೆ ತಾಗಿತು. ಎರಡು ವಾರ ಬಿಟ್ಟು ಬರ್ರಿ ಎಂದು ಇನ್‌ಸ್ಪೆಕ್ಟರು ಮುಂದಿನವರನ್ನು ಕರೆದರು.

ಪ್ರೊಫೆಸರರು ಅಲ್ಲಿಂದಲೇ ಮನೆಗೆ ಫೋನು ಮಾಡಿದರು. ಆ ಕಡೆಯಿಂದ ಡಾಕ್ಟರ ದನಿ ನನಗೂ ಕೇಳಿಸಿತು. 'ಎರಡ ಶನಿವಾರ ತಾನ? ಮುಗದಕ್ಕ ಹೇಳಿ ಕಳಸ್ತೀನಿ.' ಆ ಎರಡು ಶನಿವಾರ ನಾನು ಕರೆದೊಯ್ಯಬಹುದಿತ್ತು. ಶನಿವಾರ ಮಧ್ಯಾಹ್ನ ನನಗೆ ಪಾಠ ಇರುವುದಿಲ್ಲ. ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಸರಿಯಾದದ್ದನ್ನು ಮಾಡಿದೆನೆಂಬ ಠೀವಿಯಲ್ಲಿದ್ದೆ. ಕಲಿಯಲಿ, ತಾವೇ ಕಲಿಯಲಿ ಎಂದು ಮನಸ್ಸಿನಲ್ಲೇ ಪ್ರೊಫೆಸರರ ಉಪನ್ಯಾಸವನ್ನು ಪ್ರೊಫೆಸರರಿಗೇ ಕೊಡುತ್ತಿದ್ದೆ.

ಆ ಎರಡು ವಾರ ಅವರು ಒಂದು ದಿನವೂ ತಪ್ಪಿಸಲಿಲ್ಲ. ಕಾರಿನಲ್ಲಿ ದೇಶದ ಆರ್ಥಿಕ ಪರಿಸ್ಥಿತಿಯ ಬಗ್ಗೆ ಒಂದಕ್ಷರ ಆಡಲಿಲ್ಲ. ಬರೀ 'ಕ್ಲಚ್, ಗೇರ್, ಬ್ರೇಕ್' ಎಂದು ತುಟಿಯಲ್ಲೇ ಜಪಿಸುತ್ತ ಓಡಿಸಿದರು. ಮಾತು ನಿಂತ ಮೇಲೆ ಕಾಲು ತಾನೇ ಕಲಿಯಿತು. ನಡುವೆ ಕಂಪನಿಯ ಸುದ್ದಿ ಮತ್ತೆ ಬಂತು. ನೆರವಿನ ಮಾತು ಸಿಕ್ಕಿದ್ದೇ ತಡ, ಸರಕಾರಕ್ಕೆ ಕೃತಜ್ಞತೆ ಹೇಳಿ, ಇನ್ನು ಮುಂದೆ ದೊಡ್ಡ ಕಾರುಗಳನ್ನಷ್ಟೇ ಮಾಡುತ್ತೇವೆಂದು ಸಾರಿತ್ತು. ನನ್ನ ಸಣ್ಣ ಕಾರು ಬಂದ್. ಇನ್ನು ಅದರ ಓಟ ಬಿಡಿಭಾಗ ಸಿಗುವಷ್ಟು ದಿನ ಮಾತ್ರ. ಕಂಪನಿ ಉಳಿಯಲೆಂದು ಊರೆಲ್ಲ ವಾದಿಸಿಕೊಂಡು ತಿರುಗಿದವಳು ನಾನು. ಪ್ರೊಫೆಸರರು ಈಗ ಬಿಡುವುದಿಲ್ಲ ಅಂದುಕೊಂಡೆ. ಅವರು, 'ಹಿಂಗ ಆಗಬಾರದಿತ್ರಿ' ಎಂದಷ್ಟೇ ಹೇಳಿ ಗೇರು ಬದಲಿಸಿದರು.

ಎರಡನೆಯ ಸಲದ ಟೆಸ್ಟಿನಲ್ಲಿ ಏರಿನ ಮೇಲೆ ಕಾರು ಒಂದಿಂಚೂ ಹಿಂದಕ್ಕೆ ಜಾರಲಿಲ್ಲ. ಪಾಸಾದರು, ಪೂರ್ತಿ ತಮ್ಮ ಕಾಲಿನಿಂದ. ನನ್ನ ಕಣ್ಣಲ್ಲಿ ನೀರು ಬಂತು.

ಮರುದಿನ ಶನಿವಾರ ಸಂಜೆ ಡಾಕ್ಟರು ಫೋನು ಮಾಡಿದರು. ಹೋಗಿ ಬಂದೆವು, ಛಲೋ ಓಡಿಸಿದರು ಎಂದರು. ನಾನು ಹಿಗ್ಗಿದೆ. ಆಮೇಲೆ ಅದೇ ದನಿಯಲ್ಲಿ ಹೇಳಿದರು, ಮುಗದದಲ್ಲಿ ಒಬ್ಬ ಮುದುಕಿ ಬಂದಿರಲಿಲ್ಲ, ಮನೆಗೇ ಹೋಗಿ ನೋಡಿ ಬಂದೆವು. ರಕ್ತದೊತ್ತಡದ ಗುಳಿಗೆ ಆಕೆಗೆ ಇವರೇ ಕೊಡುತ್ತಿದ್ದರು. ಎರಡು ವಾರ ಡಾಕ್ಟರು ಬರುವುದಿಲ್ಲ ಎಂದು ಕೇಳಿ, ಬೇರೆ ಎಲ್ಲಿಯೂ ಕೇಳದೆ, ಉಳಿದ ಗುಳಿಗೆಯನ್ನು ಅರ್ಧ ಅರ್ಧ ಮುರಿದು ನುಂಗಿದ್ದಳಂತೆ, ಬರುವವರೆಗೆ ಸಾಲಲಿ ಎಂದು. ಮುರಿದ ಗುಳಿಗೆಯೂ ತೀರಿತ್ತು. ಬುಧವಾರ ಲಕ್ವ ಹೊಡೆದಿತ್ತು. ಬಾಯಿ ಸೊಟ್ಟಗಾಗಿದೆ, ಎಡಗೈ ಏಳುವುದಿಲ್ಲ, ಜೀವಕ್ಕೇನೂ ಭಯವಿಲ್ಲ.

ನಾನು ಏನೋ ಹೇಳಲು ಹೋದೆ. 'ನಿಮ್ಮ ತಪ್ಪಲ್ರಿ' ಎಂದರು ಡಾಕ್ಟರು. 'ಒತ್ತಬ್ಯಾಡ್ರಿ ಅಂದಾಕಿ ನಾನ.'

ತಿಂಗಳ ನಂತರ ಪ್ರೊಫೆಸರರು ತಾವೇ ಕಾರು ಓಡಿಸಿಕೊಂಡು ಹುಬ್ಬಳ್ಳಿಗೆ ಬಂದರು, ನನ್ನ ಸ್ಕೂಲಿನ ಮುಂದೆ ಸರಿಯಾಗಿ ನಿಲ್ಲಿಸಿದರು. ಡಾಕ್ಟರು ಪಡಸಾಲೆಯಲ್ಲಿ ಉಳಿದವರನ್ನು ನೋಡುವಾಗ, ಆ ಮುದುಕಿಯ ಮನೆಗೆ ಗುಳಿಗೆ ಮುಟ್ಟಿಸುವ ಕೆಲಸ ಈಗ ಅವರದಂತೆ. ಮೊದಲ ಸಲ ಹೋದಾಗ ಆಕೆ ತೊದಲುತ್ತ ಕೇಳಿದ್ದಳಂತೆ, ಆ ಎರಡು ಶನಿವಾರ ಯಾಕ ಬರ್ಲಿಲ್ರೀ ಸಾಹೇಬ್ರ ಎಂದು.

'ಏನ್ ಹೇಳಿದ್ರಿ ಸರ?' ಎಂದೆ.

'ಏನ್ ಹೇಳ್ಲಿ' ಎಂದರು. 'ಗಾಡಿ ಹೊಡೀಲಿಕ್ಕೆ ಕಲೀಲಿಕ್ಕತ್ತಿದ್ದೆ ಯವ್ವಾ ಅಂದೆ.'