ಗಿರಿಜಕ್ಕನ ಗುಂಪು ಒಡೆಯುವುದಿಲ್ಲ

ಬೆಳಗ್ಗೆ ಮೊಬೈಲಿಗೆ ಬಂದ ಸುದ್ದಿ ಸುಳ್ಳು... ಯಾರೋ ತಪ್ಪಾಗಿ ಫಾರ್ವರ್ಡ್ ಮಾಡಿದ್ದಾರೆ ಅಂದುಕೊಂಡೆ.
ಮಲ್ಕಾಜ್‌ಗಿರಿಯ ಅವರ ಮನೆಗೇ ಫೋನ್ ಮಾಡಿದೆ.
ಅವರ ತಂಗಿ ಎತ್ತಿದರು. "ಖರೇ ಐತ್ರಿ... ನಿದ್ದಿಯೊಳಗ ಹೋಗಿಬಿಟ್ಟಳ್ರಿ."

ನಮ್ಮ ಮೆಡಿಕಲ್ ಕಾಲೇಜಿನ ಡಾಕ್ಟರ್ ಗಿರಿಜಾ ಮೇಡಂ ಇನ್ನಿಲ್ಲ.
ನನಗೆ ಸಹೋದ್ಯೋಗಿ... ಅದಕ್ಕಿಂತ ಹೆಚ್ಚಾಗಿ ಗಿರಿಜಕ್ಕ.

ಕಾಯಿಲೆ ಕಲಿಸುವವರು ಬೇಕಾದಷ್ಟು ಜನ ಇದ್ದೇವೆ.
ರೋಗಿಯ ಮುಂದೆ ಡಾಕ್ಟರ್ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸಿದವರು ಇವರೊಬ್ಬರೇ.
ಅದೂ ಲೆಕ್ಚರ್ ಹಾಲಿನಲ್ಲಲ್ಲ...
ವಾರ್ಡಿನ ಪಕ್ಕದ ಕೋಣೆಯಲ್ಲಿ, ಏಳೆಂಟು ವಿದ್ಯಾರ್ಥಿಗಳ ಗುಂಪನ್ನು ಸುತ್ತ ಕೂರಿಸಿಕೊಂಡು.
ಹಿಂದಿನ ಬೆಂಚೇ ಇಲ್ಲ. ಎಲ್ಲರೂ ಬಾಯಿ ಬಿಡಲೇಬೇಕು!

ಅಕ್ಕಾ, ಆ ಪ್ರಾಕ್ಟಿಕಲ್ ಪರೀಕ್ಷೆ ನೆನಪಿದೆಯಾ?
ನಿಮ್ಮ ಗುಂಪಿನ ಹುಡುಗಿ, ಹೊಟ್ಟೆ ಮುಟ್ಟಿ ನೋಡಲೇ ಎಂದು ಅಜ್ಜಿಯೊಬ್ಬಳನ್ನು ಕೇಳಿದಳು.
ಬೆಳಗಿನಿಂದ ಎಲ್ಲರೂ ಒತ್ತಿ ಒತ್ತಿ ಅಜ್ಜಿಗೆ ಸಾಕಾಗಿತ್ತು.
"ವದ್ದು ಬಿಡ್ಡಾ..." ಎಂದು ತೆಲುಗಿನಲ್ಲಿ, ಬೇಡ ಮಗಳೇ ಅಂದಳು.
ಹುಡುಗಿ ಹೊದಿಕೆ ಸರಿಮಾಡಿ, ಮುಟ್ಟದೆ ವಾಪಸ್ ಬಂದಳು.

ಕಲಬುರಗಿಯಿಂದ ಬಂದಿದ್ದ ಎಕ್ಸಾಮಿನರ್ ಕೆಂಡಾಮಂಡಲ.
"ಕೈ ಹಚ್ಚಲಾರದ ಪಾಸ್ ಹೆಂಗ್ರಿ? ಫೇಲ್ ಮಾಡ್ರಿ!"
ಜಪ್ಪಯ್ಯ ಅಂದರೂ ನೀವು ಜಗ್ಗಲಿಲ್ಲ.
"ಆಕಿ ಬ್ಯಾಡ ಅಂದ್ಳ್ರಿ ಸರ್. ಬ್ಯಾಡ ಅಂದದ್ದನ್ನ ಕೇಳಿಸ್ಕೊಂಡ ಹುಡುಗೀನ್ನ ನಾ ಯಾಕ ಫೇಲ್ ಮಾಡ್ಲಿ? ಬ್ಯಾರೆ ಪೇಷಂಟ್ ಕೊಡ್ರಿ, ನೋಡೂಣು."
ಕೊಟ್ಟರು. ಹುಡುಗಿ ಪಾಸಾದಳು.
ಈಗ ಕುಷಾಯಿಗೂಡದಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ. ಬೆಳಗಿನಿಂದ ಫೋನಿನಲ್ಲಿ ಅಳುತ್ತಿದ್ದಾಳೆ, ಅಕ್ಕಾ...

ಈಗ ಫ್ರೆಂಡ್ಸ್, ಇದನ್ನೂ ಓದಿ.
ಮಧ್ಯಾಹ್ನವೇ ಹೊಸ ಟೈಮ್‌ಟೇಬಲ್ ಬಂದಿದೆ.
ಗಿರಿಜಕ್ಕನ ಗುಂಪುಗಳು ರದ್ದು!
ಎಲ್ಲರನ್ನೂ ಆಡಿಟೋರಿಯಂಗೆ ತುಂಬಿ ಸ್ಲೈಡ್ ತೋರಿಸುತ್ತಾರಂತೆ.
"ಇಷ್ಟಕ್ಕೆಲ್ಲ ಅಷ್ಟು ಜನ ಟೀಚರ್ಸ್ ಎಲ್ಲಿಂದ ತರೋಣ್ರಿ" ಅಂತ ಮೇಲಿನವರ ಸಮಜಾಯಿಷಿ ಬೇರೆ.
ಥೂ... ಅಕ್ಕನನ್ನು ಇನ್ನೂ ಅಂತ್ಯಕ್ರಿಯೆಗೆ ಮನೆಯಿಂದ ಒಯ್ದಿಲ್ಲ ರೀ! ಸ್ವಲ್ಪವಾದರೂ ನಾಚಿಕೆ ಬೇಡವೇ?

ಅಳುವುದಕ್ಕೂ ಬಿಡುತ್ತಿಲ್ಲ ಈ ಸಿಟ್ಟು.

ಎಲ್ಲರೆದುರು ಹೇಳುತ್ತಿದ್ದೇನೆ... ಗುಂಪು ನಾಳೆಯೂ ಕೂರುತ್ತದೆ.
ನನ್ನ ಊಟದ ಹೊತ್ತಿನಲ್ಲಿ, ನಾನೇ ಕೂರಿಸುತ್ತೇನೆ.
ಕೋಣೆಗೆ ಬೀಗ ಹಾಕುತ್ತೀರಾ? ವರಾಂಡ ಇದೆ.
ಮೆಮೊ ಕೊಡುತ್ತೀರಾ? ಧಾರಾಳವಾಗಿ ಕೊಡಿ.
ಮಕ್ಕಳನ್ನು ಕೇಳಿದೆ, ಬರುತ್ತೀರಾ ಎಂದು. "ಬರ್ತೀವಿ ಸರ್, ಕೇಳೋದೇನೈತಿ" ಅಂದರು.

ನೆಮ್ಮದಿಯಿಂದ ಹೋಗಿಬನ್ನಿ ಅಕ್ಕಾ. ನಿಮ್ಮ ಆತ್ಮ ತಣ್ಣಗಿರಲಿ...
ಇಲ್ಲಿಯ ಜಗಳ ನಾವು ನೋಡಿಕೊಳ್ಳುತ್ತೇವೆ.