ಹೆಸರಿಗಷ್ಟೇ ಎಣ್ಣೆ

ಎದುರು ಮನೆ ಅಂಕಲ್ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದದ್ದೇ ಇಲ್ಲ. ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಹೈಡ್ರಾಲಿಕ್ ಪ್ರೆಸ್‌ ರಿಪೇರಿ ಮಾಡಿದ ಬೆರಳುಗಳು. ಎಣ್ಣೆಯನ್ನು ಉಜ್ಜಿ, ಮೂಸಿ, ಯಂತ್ರದ ಕಾಯಿಲೆ ಹೇಳುವ ಚಾಳಿ ನಿವೃತ್ತಿಯಾದರೂ ಬಿಡಲಿಲ್ಲ. ಮದುವೆ ಊಟದಲ್ಲಿ ಒಬ್ಬಟ್ಟಿನ ತುಪ್ಪವನ್ನೂ ಹಾಗೇ ಉಜ್ಜಿ ನೋಡುವರು. ಆಂಟಿ ಮೊಣಕೈಯಲ್ಲಿ ತಿವಿಯುವರು.

ಪೀಣ್ಯಕ್ಕೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ಅಲ್ಲೊಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಭಾನುವಾರ ಬಂದರೆ ಮೌಂಟನ್ ಬೈಕ್ ಹತ್ತಿ ಗುಡ್ಡ ಹುಡುಕಿಕೊಂಡು ಹೋಗುವ ಹುಚ್ಚು. ಗುಡ್ಡ ಇಳಿಯುವ ರೇಸಿಗೆ ಮೊದಲ ಸಲ ಹೆಸರು ಕೊಟ್ಟಿದ್ದೆ, ವರ್ಷವಿಡೀ ಅದಕ್ಕೇ ಬೆವರು ಸುರಿಸಿದ್ದೆ. ಇನ್ನೆರಡೇ ದಿನ ಎನ್ನುವಾಗ ಮುಂದಿನ ಚಕ್ರದ ಹೈಡ್ರಾಲಿಕ್ ಬ್ರೇಕ್, ಎಣ್ಣೆಯ ಒತ್ತಡದಲ್ಲಿ ಹಿಡಿಯುವಂಥದ್ದು, ಕೈಕೊಟ್ಟಿತು. ಒತ್ತಿದ ಲಿವರ್ ವಾಪಸ್ ಬರುತ್ತಿಲ್ಲ, ಚಕ್ರ ತಿರುಗುತ್ತಿಲ್ಲ. ಅತ್ತುಬಿಟ್ಟೆ, ಮುಚ್ಚಿಡುವುದೇನು.

ಸೈಕಲ್ಲನ್ನು ಅಂಕಲ್ ಗೇಟಿನೊಳಗೆ ತಂದು ನಿಲ್ಲಿಸಿದೆ. "ಬ್ರೇಕ್ ಎಣ್ಣೇಲಿ ಗಾಳಿ ಸೇರ್ಕೊಂಡಿದೆ ಅನ್ಸುತ್ತೆ ಅಂಕಲ್."

"ಅನ್ಸೋದ್ ಬ್ಯಾಡ, ನೋಡಾಣ." ಅದು ಅವರ ಮಾಮೂಲು ಮಾತು. "ಗಾಳಿ ಸೇರಿದ್ರೆ ಲಿವರ್ ಮೆತ್ತಗಾಯ್ತದೆ ಕಣಮ್ಮ. ಇದು ಕಚ್ಕಂಡೈತೆ. ಎಣ್ಣೇಲೇ ಏನೋ ಐತೆ."

ಪಂಚೆ ಎತ್ತಿ ಕಟ್ಟಿ ಕುಳಿತರು. ಬ್ರೇಕಿನ ಎಣ್ಣೆಯನ್ನೆಲ್ಲ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಬಸಿದರು. ಮಬ್ಬುಮಬ್ಬಾಗಿತ್ತು. ಒಂದು ಹನಿ ಬೆರಳಲ್ಲಿ ಉಜ್ಜಿದವರ ಕಣ್ಣು ಅರಳಿತು. "ಲೇ, ಒಂದ್ ಲೋಟ ನೀರ್ ತಾರೇ!" ಆಂಟಿ ತಂದ ನೀರನ್ನು ಬಾಟಲಿಗೆ ಸುರಿದು, ಮುಚ್ಚಳ ಹಾಕಿ ಕುಲುಕಿ, ಕಾಂಪೌಂಡ್ ಗೋಡೆಯ ಮೇಲಿಟ್ಟರು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ನಿಧಾನವಾಗಿ ಎಣ್ಣೆ ಮೇಲೆ ಬಂತು. ಕೆಳಗಿನ ನೀರು ಮಾತ್ರ ತಿಳಿಯಾಗಲಿಲ್ಲ, ಹಳದಿಯಾಗಿಯೇ ಉಳಿಯಿತು.

"ಸಿಕ್ತು!" ಅಂಕಲ್ ಎದ್ದೇ ನಿಂತರು. "ಮ್ಯಾಲಿರೋದು ಮಿನರಲ್ ಆಯಿಲ್, ನಿನ್ ಸೈಕಲ್ದು. ಕೆಳ್ಗಿರೋದು ನೀರ್ನಾಗೆ ಕರಗ್ಬುಟ್ಟೈತೆ, ಅದು ಎಣ್ಣೇನೇ ಅಲ್ಲ! ಸ್ಕೂಟರ್ಗೆ ಆಕೋ ಬ್ರೇಕ್ ಆಯಿಲ್, ಎಸ್ರಿಗಷ್ಟೇ ಆಯಿಲ್! ಇದು ಬಿದ್ರೆ ಒಳಗಿನ ರಬ್ಬರ್ ಊದ್ಕತದೆ. ಯಾವ್ ಮುಂಡೇದು ಇದ್ನ ಆಕಿದ್ದು?"

ನಾನು ಆಂಟಿಯ ಮುಖ ನೋಡಿದೆ. ತಿಂಗಳ ಹಿಂದೆ ಅದೇ ಜಾಗದಲ್ಲಿ, ಸ್ಕೂಟರಿಗೆ ತಂದಿದ್ದ ಬಾಟಲಿಯಿಂದ, "ಬ್ರೇಕ್ ಆಯಿಲ್ ಅಂದ್ರೆ ಬ್ರೇಕ್ ಆಯಿಲ್, ಸೈಕಲ್ಗೇನು ಬ್ಯಾರೆ ಇರ್ತದಾ?" ಎಂದು ತುಂಬಿಸಿದವರು ಅವರೇ.

"ನೀವೇ ಕಣ್ರೀ ಹಾಕಿದ್ದು," ಎಂದರು ಆಂಟಿ.

ಅಂಕಲ್ ಬೆರಳುಗಳು ನಿಂತವು. ಮರುಕ್ಷಣ ಬೀದಿಯೆಲ್ಲ ತಿರುಗಿ ನೋಡುವಂತೆ ನಕ್ಕರು. "ನಂದೇ ತಪ್ಪು! ಆದ್ರೂ ಸಿಕ್ತಲ್ಲ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. "ತೊಳೆದು ಬೇರೆ ಎಣ್ಣೆ ಹಾಕ್ಕೊಡಿ, ರೇಸ್ ಮುಗಿದ್ರೆ ಸಾಕು," ಎಂದೆ.

"ತೊಳೆದ್ರೆ ಎಣ್ಣೆ ಓಯ್ತದೆ, ಊದಿದ್ ರಬ್ಬರ್ ಇಳ್ಯಲ್ಲ. ಇದ್ನ ನಂಬ್ಕಂಡ್ ಗುಡ್ಡ ಇಳ್ಯಕ್ ನಾನ್ ಬಿಡಲ್ಲ."

ಮರುದಿನ ಸ್ಕೂಟರ್ ಹತ್ತಿ ಎಲ್ಲೆಲ್ಲಿ ಸುತ್ತಿದರೋ, ಎಣ್ಣೆಯೇ ಬೇಡದ, ತಂತಿಯಿಂದ ಎಳೆಯುವ ಹಳೇ ಡಿಸ್ಕ್ ಬ್ರೇಕೊಂದನ್ನು ಲಿವರ್ ಸಮೇತ ತಂದು ಸಂಜೆಯೊಳಗೆ ಕೂರಿಸಿದರು. ಭಾನುವಾರ ನಾನು ಇಳಿದೆ! ಕೊನೆಯಿಂದ ಎರಡನೆಯವಳು, ಆದರೆ ಒಂದು ಗೀರೂ ಇಲ್ಲ. ಗುಡ್ಡದ ಬುಡದಲ್ಲಿ ಕಾಯುತ್ತಿದ್ದ ಅಂಕಲ್ ನನ್ನನ್ನು ಮಾತಾಡಿಸುವ ಮೊದಲೇ ಡಿಸ್ಕ್ ಮುಟ್ಟಿ ಬೆರಳು ಸುಟ್ಟುಕೊಂಡರು.

ಆ ಉಪ್ಪಿನಕಾಯಿ ಬಾಟಲಿ ಅವರ ಕಿಟಕಿಯಲ್ಲೇ ಇತ್ತು. ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ತೋರಿಸುತ್ತಿದ್ದರು: "ಇದು ನಾನ್ ಮಾಡಿದ್ ತಪ್ಪು, ನೋಡಿ." ಮೂರು ವರ್ಷದ ನಂತರ ಅವರು ತೀರಿಕೊಂಡಾಗ ಆಂಟಿ ಅದನ್ನು ನನ್ನ ಕೈಗಿಟ್ಟರು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಫ್ಯಾಕ್ಟರಿಯಿಂದ ಹೋದ ಮಾಲೊಂದು ಅಳತೆ ತಪ್ಪಿ ವಾಪಸ್ ಬಂತು. ಪಾಸ್ ಮಾಡಿದ್ದು ಯಾರೆಂದು ಮ್ಯಾನೇಜರ್ ಕೂಗಾಡುತ್ತಿದ್ದರು, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ನಾನು ಕಾಗದಗಳನ್ನು ತಿರುವುತ್ತಾ ಹೋದೆ. ಕೆಳಗೆ ಸಹಿ ಕಂಡಿತು.

"ಸಿಕ್ತು ಸಾರ್!" ಎಂದು ಕೂಗಿದೆ. "ನಂದೇ ತಪ್ಪು!"

ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು.