ಅಡಿಗೆಮನೆ ಬಾಗಿಲ ಮೇಲಿನ ಮಾತು

ನ್ಯಾಮತಿಯಲ್ಲಿ ಸಂಸಾರ ಹೂಡಿ ಎರಡು ವರ್ಷವಾಗಿದ್ದರೂ ಅಜ್ಜಮ್ಮನೂ ಅವಳ ಗಂಡ ಮೂಕಪ್ಪನೂ ಎದುರು ಕೂತು ಮಾತಾಡುತ್ತಿದ್ದದ್ದು ರಜೆಯ ಸೋಮವಾರ ಮಾತ್ರ. ಅವನು ಖಾಸಗಿ ಬಸ್ಸಿನ ಕಂಡಕ್ಟರು. ಕೋಳಿ ಕೂಗುವ ಮೊದಲೇ ಚನ್ನಗಿರಿ ಕಡೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಇವಳು ಹೆರಿಗೆ ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ. ಹಾಗಾಗಿ ಅವರ ಮಾತೆಲ್ಲ ಅಡಿಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲೇ ನಡೆಯುತ್ತಿತ್ತು.

'ಸಾರು ಒಲಿ ಮ್ಯಾಲೈತೆ, ಬಿಸಿ ಮಾಡ್ಕಂಡು ಉಣ್ರಿ' ಎಂದು ಅವಳು ಬರೆದಿಟ್ಟು ಹೋಗುವಳು. 'ಉಪ್ಪು ಜಾಸ್ತಿ. ಆದ್ರೂ ಉಂಡೆ' ಎಂದು ಬೆಳಿಗ್ಗೆ ಉತ್ತರ ಕಾದಿರುವುದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಾಯಿಗೆ ಬಂದದ್ದೇ ಕೈಗೂ ಬರುತ್ತಿತ್ತು. ಹಗಲು ಒಬ್ಬಳೇ ಉಂಡು ಅಡ್ಡಾದಾಗ ಅವನ ವಕ್ರ ಅಕ್ಷರಗಳೇ ಅವಳಿಗೆ ಜೊತೆ.

ಒಮ್ಮೆ ಹೊನ್ನಾಳಿಯಿಂದ ಮೂಕಪ್ಪನ ಅಣ್ಣ ನಾಗೇಂದ್ರಪ್ಪ ಮೇಷ್ಟ್ರು ಬಂದು ರಾತ್ರಿ ಉಳಿದರು. ಅಜ್ಜಮ್ಮ ಬೆಳಿಗ್ಗೆ ಕೆಲಸದಿಂದ ಬಂದು ನೋಡುತ್ತಾಳೆ, ಹಿಂದಿನ ಸಂಜೆ ತಾನು ಬರೆದಿದ್ದ 'ಯಾಕೋ ನಿಮ್ದು ನೆಪ್ಪಾತು' ಎಂಬುದಕ್ಕೆ ಗೀಟು ಎಳೆದಿದೆ. ಕೆಳಗೆ ದುಂಡಗೆ, 'ಏಕೋ ನಿಮ್ಮ ನೆನಪಾಯಿತು.'

"ತಪ್ಪು ತಿಳ್ಕಬ್ಯಾಡಮ್ಮ," ಎಂದರು ಮೇಷ್ಟ್ರು. "ಆಡೋದೇ ಬ್ಯಾರೆ, ಬರಿಯೋದೇ ಬ್ಯಾರೆ."

ಭಾವ ಅದನ್ನು ಓದಿಬಿಟ್ಟರಲ್ಲ ಎಂದು ಅವಳು ಕುಗ್ಗಿಹೋದಳು. ತಪ್ಪು ಬರೆದ ನಾಚಿಕೆ ಬೇರೆ. ಸೆರಗಿನಲ್ಲೇ ಬಾಗಿಲು ಒರೆಸಿದಳು. ಆಮೇಲೆ ನರ್ಸಮ್ಮನ ಹತ್ತಿರ ಕೇಳಿ ತಿಳಿದುಕೊಂಡು ಬರೆದದ್ದು ಇಷ್ಟೇ: 'ಅನ್ನವಿದೆ. ಸಾರಿದೆ.'

'ಯಾರ್ ಬರ್ದಿದ್ದು ಇದು?' ಎಂದು ಮೂಕಪ್ಪ ಕೇಳಿದ್ದ.

ಸೋಮವಾರ ಅವಳು ಅತ್ತೇಬಿಟ್ಟಳು. "ನಂಗೆ ನೆಟ್ಟಗೆ ಬರಿಯಾಕೆ ಬರಲ್ಲರೀ."

"ಅಣ್ಣ ಹೇಳೋದು ಖರೆ ಇರಬೌದು ಕಣೆ. ಆದ್ರೆ ಅದ್ರಾಗೆ ನಿನ್ ದನಿ ಕೇಳಲ್ಲ. ಬಸ್ಸಿಳಿದು ಬರೋನಿಗೆ ಮನಿಯಾಗೆ ಒಂದು ದನಿ ಬ್ಯಾಡ್ವಾ?"

ಅವಳು ನಕ್ಕಳು. ಆದರೆ ಹೆದರಿದ ಕೈ ಸಡಿಲವಾಗಲಿಲ್ಲ. ಪ್ರತಿ ಅಕ್ಷರಕ್ಕೂ ತಡೆದು ನಿಲ್ಲುತ್ತಿತ್ತು. ಅಷ್ಟರಲ್ಲಿ ಮಾಲೀಕರು ಮೂಕಪ್ಪನನ್ನು ಜಗಳೂರಿನ ಬಸ್ಸಿಗೆ ಹಾಕಿದರು. ವಸತಿಯೂ ಅಲ್ಲೇ. ಇನ್ನು ಯುಗಾದಿಗೇ ಊರು.

ಅವನು ಹೋದ ಸಂಜೆ ಅಜ್ಜಮ್ಮ ಅಭ್ಯಾಸಬಲದಿಂದ ಸೀಮೆಸುಣ್ಣ ಎತ್ತಿಕೊಂಡಳು. ಓದುವವರೇ ಇಲ್ಲದ ಮೇಲೆ ತಪ್ಪೇನು, ಒಪ್ಪೇನು? 'ಅಲ್ಲಿ ಯಾರು ಉಣ್ಣಾಕಿಕ್ತಾರೆ ನಿಮ್ಗೆ' ಎಂದು ಬರೆದಳು. ಬೆಳಿಗ್ಗೆ ಬಂದು ನೋಡಿದರೆ ಬರೆದದ್ದು ಬರೆದ ಹಾಗೇ ಇತ್ತು. ಅವಳಿಗೆ ಅಳಿಸಲು ಮನಸ್ಸು ಬರಲಿಲ್ಲ. ಮರುದಿನ ಅದರ ಕೆಳಗೇ, 'ಎಮ್ಮಿ ಕರ ಹಾಕ್ತು.' ಆಮೇಲೆ, 'ಇವತ್ತು ಬಸ್ಸಿನ ಹಾರ್ನ್ ಕೇಳಿ ಬಾಗ್ಲಿಗೆ ಓಡಿದ್ದೆ, ನಿಮ್ದಲ್ಲ.'

ಯುಗಾದಿಯ ಬೆಳಿಗ್ಗೆ ಮೂಕಪ್ಪ ಬಂದ. ಚೀಲ ಇನ್ನೂ ಹೆಗಲಲ್ಲೇ ಇತ್ತು, ಬಾಗಿಲ ಮುಂದೆ ನಿಂತುಬಿಟ್ಟ. ತುಟಿ ಅಲ್ಲಾಡಿಸುತ್ತ ಮೇಲಿನಿಂದ ಓದುತ್ತ ಬಂದು, ಕೆಳಗಿನ ಸಾಲುಗಳಿಗೆ ಕುಕ್ಕರಗಾಲಲ್ಲಿ ಕೂತ. ಅಜ್ಜಮ್ಮ ಒಳಗೆ ಒಲೆ ಊದುತ್ತಿದ್ದಳು. ಬಹಳ ಹೊತ್ತು ಅವನು ಒಳಗೆ ಬರಲಿಲ್ಲ, ಅವಳೂ ಕರೆಯಲಿಲ್ಲ.